ಹಳೆಯ ಗ್ರಾಮಫೋನ್ ಪೆಟ್ಟಿಗೆಯೂ ಶ್ರಾವಕನ ವಿವೇಕವೂ

ಗೃಹಸ್ಥನು ಜೀವನೋಪಾಯಕ್ಕಾಗಿ ಕೈಗೊಳ್ಳಬಾರದ 15 ವೃತ್ತಿಗಳನ್ನು ಆಚಾರಗ್ರಂಥಗಳು ಎಣಿಸಿವೆ. ಇವುಗಳಿಗೆ ಕರ್ಮಾದಾನಗಳೆಂದೂ ಖರಕರ್ಮಗಳೆಂದೂ ಹೆಸರು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಇವುಗಳ ವಿವರಣೆಯುಂಟು. ದಿಗಂಬರ ಪರಂಪರೆಯ ಪಂಡಿತ ಆಶಾಧರನೂ ಸಾಗಾರಧರ್ಮಾಮೃತದಲ್ಲಿ ಇವನ್ನು ಪ್ರಸ್ತಾಪಿಸಿದ್ದಾನೆ. ದಂತವಾಣಿಜ್ಯ, ವಿಷವಾಣಿಜ್ಯ, ರಸವಾಣಿಜ್ಯಗಳೊಡನೆ ಲಾಕ್ಷಾವಾಣಿಜ್ಯವೂ, ಎಂದರೆ ಅರಗಿನ ವ್ಯಾಪಾರವೂ ಆ ಪಟ್ಟಿಯಲ್ಲಿ ಸೇರಿದೆ. ಇದನ್ನು ಓದುವ ಇಂದಿನ ಬಟ್ಟೆ ವ್ಯಾಪಾರಿಗೋ ದಿನಸಿ ವ್ಯಾಪಾರಿಗೋ ಅರಗಿನ ಮಾತು ತನಗೆ ಸಂಬಂಧಿಸಿದ್ದಲ್ಲವೆಂದು ತೋರುವುದು ಸಹಜ. ಅರಗೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಪಾಂಡವರ ಅರಗಿನ ಮನೆ, ಇಲ್ಲವೇ ಚನ್ನಪಟ್ಟಣದ ಬೊಂಬೆ. ಮನೆಯ ಅಟ್ಟದಲ್ಲಿ ಮೂಲೆಗುಂಪಾಗಿರುವ ಗ್ರಾಮಫೋನು ಯಾರಿಗೂ ನೆನಪಾಗುವುದಿಲ್ಲ.

ಅರಗು ಮರದ ಅಂಟಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ಒತ್ತೊತ್ತಾಗಿ ನೆಲೆಸುವ ಅತಿ ಸಣ್ಣ ಕೀಟವೊಂದು ತನ್ನ ಮೈಯನ್ನೂ ಸಂತಾನವನ್ನೂ ಕಾಪಾಡಿಕೊಳ್ಳಲು ಸುತ್ತಲೂ ಸ್ರವಿಸಿಕೊಳ್ಳುವ ರಾಳವಿದು. ಕೊಂಬೆಯನ್ನು ಕಡಿದು, ಹೆರೆದು, ಕುಟ್ಟಿ, ತೊಳೆದು, ಕಾಯಿಸಿ ಸೋಸಿದರೆ ವ್ಯಾಪಾರದ ಅರಗು ದೊರೆಯುತ್ತದೆ. ಈ ಕ್ರಮದಲ್ಲಿ ಸಾಯುವ ಜೀವಿಗಳಿಗೆ ಲೆಕ್ಕವಿಲ್ಲ. ಛೋಟಾ ನಾಗಪುರದ ಕಾಡುಸೀಮೆ ಇದರ ದೊಡ್ಡ ನೆಲೆ. ಈ ಬೆಳೆಯ ಅಧ್ಯಯನಕ್ಕೆಂದೇ 1924ರಲ್ಲಿ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ ಒಂದು ಸಂಶೋಧನಾಲಯ ಸ್ಥಾಪಿತವಾಯಿತೆಂದರೆ ಅದರ ವ್ಯಾಪ್ತಿಯನ್ನು ಊಹಿಸಬಹುದು. ಮರದ ಹೊಳಪಿಗೆ ಅರಗು, ಲಕೋಟೆಯ ಮುದ್ರೆಗೆ ಅರಗು, ಗುಳಿಗೆಯ ಹೊದಿಕೆಗೆ ಅರಗು. ಮಿಠಾಯಿಗಳ ಹೊಳಪಿಗೂ ಅದು ಬಳಕೆಯಲ್ಲಿದ್ದು, ಆಹಾರದ ಪೊಟ್ಟಣಗಳ ಮೇಲೆ 904 ಎಂಬ ಸಂಖ್ಯೆಯಿಂದ ಗುರುತಿಸಲ್ಪಡುತ್ತದೆ. ಮಕ್ಕಳಿಗೆ ಮಿಠಾಯಿ ಕೊಳ್ಳುವ ತಾಯಂದಿರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕಾಣಿಕೆ ಹುಂಡಿಯ ಬೀಗಕ್ಕೆ ಅರಗಿನ ಮುದ್ರೆಯೊತ್ತುವ ಪದ್ಧತಿಯಿರುವ ಬಸದಿಗಳ ಆಡಳಿತದವರೂ ಒಮ್ಮೆ ಯೋಚಿಸಬಹುದು.

ಈ ವಿಚಾರವೆಲ್ಲ ಹಾಸನ ಸೀಮೆಯ ಒಂದು ಜೈನ ಕುಟುಂಬದಲ್ಲಿ ಚರ್ಚೆಗೆ ಬಂದದ್ದು ಮನೆಯ ಪಾಲಾದಾಗ. ಮೂರು ತಲೆಮಾರು ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅದು. ಅಣ್ಣ ತಮ್ಮ ಇಬ್ಬರೂ ಅರುವತ್ತು ದಾಟಿದವರು. ತಾಯಿ ತೊಂಬತ್ತರ ಹತ್ತಿರ. ಅಟ್ಟದಿಂದ ಇಳಿಸಿದ ಸಾಮಾನುಗಳಲ್ಲಿ ತಾತ ಕೊಂಡುತಂದಿದ್ದ ಕೈಪೆಟ್ಟಿಗೆಯ ಗ್ರಾಮಫೋನು ಒಂದು, ಹಳೆಯ ಸೀರೆಯಲ್ಲಿ ಸುತ್ತಿಟ್ಟ ನಲವತ್ತೆಂಟು ರೆಕಾರ್ಡುಗಳು. ಹಿತ್ತಾಳೆಯ ಕಡಾಯಿ, ತೊಟ್ಟಿಲು, ತಕ್ಕಡಿಗಳು ಯಾವ ಮಾತೂ ಇಲ್ಲದೆ ಪಾಲಾದವು. ಗ್ರಾಮಫೋನು ಮಾತ್ರ ಆಗಲಿಲ್ಲ. ಅದನ್ನು ದುರಸ್ತು ಮಾಡಿಸಿ ಮಾರಿ, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ತಮ್ಮನಿಗೆ ಆ ವರ್ಷ ಹಣದ ಅಗತ್ಯ ನಿಜವಾಗಿಯೂ ಇತ್ತು. ಅಂಗಡಿ ಮುಚ್ಚಿತ್ತು, ಮೊಮ್ಮಗಳ ಕಾಲೇಜು ಶುಲ್ಕ ಬಾಕಿಯಿತ್ತು.

ಯಂತ್ರ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ 102ನೆಯ ಮಾದರಿ. 1925ರಲ್ಲಿ ಬಂದ 101ನೆಯ ಮಾದರಿಯ ತರುವಾಯ 1931ರಲ್ಲಿ ಇದು ಮಾರುಕಟ್ಟೆಗೆ ಬಂದಿತು; ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ತಯಾರಾಗುತ್ತಲೇ ಇತ್ತು. ಹೊರಗೆ ಕಹಳೆಯಿಲ್ಲ. ಧ್ವನಿಯ ಕೊಳವೆ ಪೆಟ್ಟಿಗೆಯ ಒಳಗೇ ತಿರುಗಿ ಹಿಂಬದಿಯಿಂದ ಹೊರಡುತ್ತದೆ. ವಿದ್ಯುತ್ತು ಬೇಡ, ಕೀಲಿ ತಿರುಗಿಸಿದರೆ ಸಾಕು. ಆದ್ದರಿಂದಲೇ ಅದು ವಿದ್ಯುದ್ದೀಪ ಕಾಣದ ಊರುಗಳ ಜಗಲಿಗಳಿಗೂ ತಲುಪಿತು. ಭಾರತದ ಮೊದಲ ಧ್ವನಿಮುದ್ರಣಗಳು 1902ರಲ್ಲಿ ಕಲ್ಕತ್ತೆಯಲ್ಲಿ ನಡೆದವು. ಆಗ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಈ ಮನೆಯ ರೆಕಾರ್ಡುಗಳಲ್ಲಿ ಹೆಚ್ಚಿನವು ನಾಟಕದ ಹಾಡುಗಳು, ಕೆಲವು ದೇವರನಾಮಗಳು.

ಒಳಗಿನ ಯಂತ್ರಕ್ಕೆ ದೊಡ್ಡ ಕೇಡೇನೂ ಆಗಿರಲಿಲ್ಲ. ಸುರುಳಿಯ ಹಳೆಯ ಗ್ರೀಸನ್ನು ತೆಗೆದು ಹೊಸದನ್ನು ತುಂಬಿದಾಗ ಅದು ತಿರುಗಿತು. ಕೆಟ್ಟಿದ್ದುದು ಪೆಟ್ಟಿಗೆ. ಮಳೆಗಾಲದ ತೇವಕ್ಕೆ ಮುಚ್ಚಳದ ಒಂದು ಮೂಲೆಯ ಬೆಸುಗೆ ಬಿಟ್ಟಿತ್ತು. ಹೊರಗಿನ ಕಪ್ಪು ಹೊದಿಕೆ ಮೂರು ಕಡೆ ಹರಿದು ಸುರುಟಿಕೊಂಡಿತ್ತು. ಲೋಹದ ಮೂಲೆಗಟ್ಟುಗಳ ಕೆಳಗೆ ತುಕ್ಕು. ಮುಚ್ಚಳದ ಅಂಚಿನಲ್ಲಿ ಮರ ಬಯಲಾಗಿದ್ದ ಕಡೆ ಹಿಂದೆ ಯಾರೋ ಸ್ಪಿರಿಟ್ ಪಾಲಿಶ್ ಹಚ್ಚಿದ್ದರು, ಅದು ಬಿಳಿಚಿಕೊಂಡಿತ್ತು. ಹಿಡಿಕೆ ತುಂಡಾಗಿತ್ತು. ಮರಗೆಲಸದ ಆಚಾರಿಯನ್ನು ಕರೆಸಿದರು. ಎಪ್ಪತ್ತರ ಪ್ರಾಯದ ಆತ ವೀಣೆಗಳನ್ನೂ ತೊಟ್ಟಿಲುಗಳನ್ನೂ ಮಾಡಿ ಕೈ ಪಳಗಿಸಿಕೊಂಡವನು.

ಅಣ್ಣನ ಮೊದಲ ಪ್ರಶ್ನೆ ಹೊದಿಕೆಯದು. ಚರ್ಮವಾದರೆ ಅದನ್ನು ಮುಟ್ಟಿ ತೇಪೆ ಹಾಕಿಸುವ ಕೆಲಸ ತನ್ನ ಮನೆಯಲ್ಲಿ ಬೇಡವೆಂದು ಅವನ ಅಭಿಪ್ರಾಯ. ಆಚಾರಿ ಏನೂ ಹೇಳದೆ ಹರಿದ ಅಂಚನ್ನು ಮೇಲೆತ್ತಿ ಬೆಳಕಿಗೆ ಹಿಡಿದ. “ಯಜಮಾನರೇ, ಇದು ನಿಮ್ಮ ಅಂಗಡಿಯ ಸಾಮಾನು, ನೀವೇ ನೋಡಿ” ಎಂದ. ನೂಲು ಎಣಿಸುವ ಭೂತಕನ್ನಡಿ ಇಟ್ಟು ನೋಡಿದಾಗ ಹಾಸು ಹೊಕ್ಕು ಸ್ಪಷ್ಟವಾಗಿ ಕಂಡಿತು. ಒರಟು ಹತ್ತಿ ಬಟ್ಟೆ. ಅದರ ಮೇಲೆ ಸೆಲ್ಯುಲೋಸ್ ನೈಟ್ರೇಟ್, ಕರ್ಪೂರತೈಲ ಮತ್ತು ಬಣ್ಣಗಳ ಲೇಪವನ್ನು ಕೊಟ್ಟು, ಬಿಸಿ ಅಚ್ಚಿನಿಂದ ಚರ್ಮದ ಗೆರೆಗಳನ್ನು ಒತ್ತಿದ್ದರು. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಇಂಥ ಬಟ್ಟೆಯ ಒಂದು ವ್ಯಾಪಾರನಾಮವೇ ರೆಕ್ಸಿನ್. ಇಂದು ಕನ್ನಡದಲ್ಲಿ ಅದು ಜಾತಿವಾಚಕವಾಗಿಬಿಟ್ಟಿದೆ. ಈಗ ಅಂಗಡಿಗಳಲ್ಲಿ ಆ ಹೆಸರಿನಿಂದ ದೊರೆಯುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪದ ಬಟ್ಟೆ, ಹಳೆಯದರ ಗುಣ ಬೇರೆ. ಪೆಟ್ಟಿಗೆಯಲ್ಲಿ ನಿಜವಾದ ಚರ್ಮವಿದ್ದುದು ತುಂಡಾದ ಹಿಡಿಕೆಯಲ್ಲಿ ಮಾತ್ರ.

ಇಲ್ಲಿ ಒಂದು ಆಕ್ಷೇಪ ಬಂದಿತು. ಬಸದಿಯಲ್ಲಿ ಶಾಸ್ತ್ರ ಓದುವ ಹಿರಿಯರೊಬ್ಬರು, ಚರ್ಮದ ವೇಷ ತೊಟ್ಟ ಬಟ್ಟೆಯೂ ಚರ್ಮದಷ್ಟೇ ತ್ಯಾಜ್ಯವೆಂದರು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು ಯಶೋಧರ ಎಷ್ಟು ಜನ್ಮ ತೊಳಲಿದನೆಂಬುದನ್ನು ನೆನಪಿಸಿದರು. ಜನ್ನ ಕವಿಯ ಯಶೋಧರಚರಿತೆಯನ್ನು ಬಲ್ಲ ಮನೆಗಳಲ್ಲಿ ಈ ಮಾತಿಗೆ ತೂಕವುಂಟು. ಆದರೆ ಹೋಲಿಕೆ ಕೂಡುವುದಿಲ್ಲ. ಹಿಟ್ಟಿನ ಕೋಳಿಯ ಪ್ರಸಂಗದಲ್ಲಿ ಖಡ್ಗವೆತ್ತಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಎದುರಿಗಿದ್ದುದು ಹಿಟ್ಟೆಂಬುದು ಆಕಸ್ಮಿಕ. ರೆಕ್ಸಿನ್ ನೇಯಿಸಿದವನ ಸಂಕಲ್ಪ ಅಗ್ಗದ ಹೊದಿಕೆಯೊಂದನ್ನು ಮಾಡುವುದು. ಸಾದೃಶ್ಯ ಹೊರಗಿನದು, ಭಾವಹಿಂಸೆ ಒಳಗಿನದು. ಇವೆರಡನ್ನು ಬೆರೆಸಿದರೆ ಸಕ್ಕರೆಯಚ್ಚಿನ ಆನೆಯನ್ನೂ ತಿನ್ನುವಂತಿಲ್ಲ ಎಂದು ಯಾರಾದರೂ ಕೇಳಿಯಾರು. ಕೆಲವು ಮನೆಗಳಲ್ಲಿ ಅದನ್ನೂ ತಿನ್ನುವುದಿಲ್ಲವೆಂಬುದು ಬೇರೆ ಮಾತು. ಅಲ್ಲಿ ಕಾರಣ ಮಗುವಿನ ಮನಸ್ಸಿನಲ್ಲಿ ಮೂಡುವ ಭಾವ, ಸಕ್ಕರೆಯಲ್ಲ.

ಕೆಲಸಕ್ಕೆ ತೊಡಗಿದ ಮೇಲೆ ಹೆಜ್ಜೆಹೆಜ್ಜೆಗೂ ಒಂದೊಂದು ಪ್ರಶ್ನೆ ಎದ್ದಿತು. ಹೊದಿಕೆಯ ಕೊಳೆ ತೆಗೆಯಲು ಅಸಿಟೋನ್, ಥಿನ್ನರ್ ಮುಂತಾದವನ್ನು ಮುಟ್ಟಿಸುವಂತಿಲ್ಲ, ಹಳೆಯ ಲೇಪವೇ ಕರಗಿ ಕೈಗೆ ಬರುತ್ತದೆ. ಸಾಬೂನುಗಳಲ್ಲಿ ಕೆಲವು ಪ್ರಾಣಿಜನ್ಯ ಕೊಬ್ಬಿನಿಂದಾದವು. ತಾಯಿ ಒಳಗಿನಿಂದ ಅಂಟುವಾಳದ ಕಾಯಿ ಕಳುಹಿಸಿದರು. ಅದರ ನೊರೆಯಲ್ಲಿ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಅಂಗೈಯಗಲ ಜಾಗವನ್ನಷ್ಟೇ ಒರೆಸಿ ಒಣಗಿಸುತ್ತಾ ಹೋದರು. ನೀರು ಹೆಚ್ಚಾದರೆ ಬಟ್ಟೆ ಉಬ್ಬುತ್ತದೆ. ಎರಡು ದಿನದ ಆ ಕೆಲಸದ ತರುವಾಯ ಬೂದಿಬಣ್ಣದ ಕೆಳಗಿನಿಂದ ಕಪ್ಪು ಮೇಲೆದ್ದಿತು. ಹೊಸದೆನ್ನುವಂಥ ಕಪ್ಪಲ್ಲ, ಬಳಸಿದ ವಸ್ತುವಿನ ಕಪ್ಪು.

ಅಂಟಿನದು ಹೆಚ್ಚು ಕಠಿಣವಾದ ಪ್ರಶ್ನೆ. ಬಿಟ್ಟಿದ್ದ ಮೂಲೆಯನ್ನು ಮೂಲದಲ್ಲಿ ಕೂಡಿಸಿದ್ದುದು ಸರೇಸಿನಿಂದ, ಎಂದರೆ ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಅಂಟಿನಿಂದ. ಹಳೆಯ ವಸ್ತುಗಳನ್ನು ದುರಸ್ತು ಮಾಡುವ ಬಲ್ಲವರು ಇಂದಿಗೂ ಅದನ್ನೇ ಸೂಚಿಸುತ್ತಾರೆ. ಅವರ ವಾದ ಸುಳ್ಳಲ್ಲ: ಬಿಸಿನೀರಿನ ಹಬೆ ತಾಗಿಸಿದರೆ ಸರೇಸು ಬಿಟ್ಟುಕೊಳ್ಳುತ್ತದೆ, ಮುಂದೆ ದುರಸ್ತು ಮಾಡುವವನು ಮರವನ್ನು ಸೀಳಬೇಕಾಗಿಲ್ಲ. ಫೆವಿಕಾಲ್‌ನಂಥ ಬಿಳಿಯ ಅಂಟಿಗೆ ಈ ಗುಣವಿಲ್ಲ. ವಸ್ತುವಿನ ಹಿತ ಒಂದೆಡೆ, ಅಹಿಂಸೆ ಇನ್ನೊಂದೆಡೆ ಎಂದು ತೋರುವ ಇಂಥ ಸ್ಥಳಗಳಲ್ಲಿ ಶ್ರಾವಕನ ನಿರ್ಧಾರಕ್ಕೆ ಹೆಚ್ಚು ಹೊತ್ತು ಬೇಡ, ಪೆಟ್ಟಿಗೆಗೆ ಜೀವವಿಲ್ಲ. ಆದರೆ ಬಿಳಿಯ ಅಂಟನ್ನು ಸರೇಸಿನ ಮೇಲೆಯೇ ಹಚ್ಚಿದರೆ ಹಿಡಿಯುವುದಿಲ್ಲವಾದ್ದರಿಂದ ಆಚಾರಿ ಹಳೆಯದನ್ನೆಲ್ಲ ಬೆಚ್ಚನೆಯ ನೀರಿನಿಂದ ನೆನೆಸಿ ಕೆರೆದು ತೆಗೆಯಬೇಕಾಯಿತು.

ಬಟ್ಟೆಯನ್ನು ಮರಕ್ಕೆ ಅಂಟಿಸಲು ಪುಸ್ತಕ ಕಟ್ಟುವವರ ಮೈದಾ ಅಂಟನ್ನು ಆರಿಸಿದರು. ಅದನ್ನು ನೆನೆಸಿ ಬಿಡಿಸಬಹುದು. ಹಾಗಾಗಿ ಬಲ್ಲವರ ಆಕ್ಷೇಪಕ್ಕೂ ಎಡೆಯಿಲ್ಲ. ಆದರೆ ಮೈದಾ ಅಂಟಿಗೆ ಹುಳು ಹತ್ತದಿರಲೆಂದು ಅದರಲ್ಲಿ ಮೈಲುತುತ್ತ ಬೆರೆಸುವುದು ವಾಡಿಕೆ. ತಿಂದ ಹುಳು ಸಾಯಲಿ ಎಂಬುದೇ ಅದರ ಉದ್ದೇಶ. ಒಂದು ಹಿಂಸೆಯನ್ನು ತಪ್ಪಿಸಹೋಗಿ ಇನ್ನೊಂದನ್ನು ಬಾಗಿಲಲ್ಲಿ ನಿಲ್ಲಿಸಿದಂತಾಯಿತು. ಮೈಲುತುತ್ತವಿಲ್ಲದೆ, ಅಂಟನ್ನು ಆದಷ್ಟು ತೆಳುವಾಗಿ ಎಳೆದು, ಭಾರ ಹೇರಿ ನಾಲ್ಕು ದಿನ ಒಣಗಿಸಿದರು. ಪೆಟ್ಟಿಗೆಯನ್ನು ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ತೆರೆದು ನೋಡುವುದೇ ಇದಕ್ಕೆ ಕಾವಲು. ಯತ್ನಾಚಾರವೆಂದು ಶಾಸ್ತ್ರದಲ್ಲಿ ಹೇಳುವುದು ಬಹುಪಾಲು ಇಂಥ ಬೇಸರದ ಕೆಲಸವೇ.

ಹೊಳಪಿನ ಮಾತಿಗೆ ಬಂದಾಗ ಆಚಾರಿ ತನ್ನ ಚೀಲದಿಂದ ಅರಗಿನ ಚಕ್ಕೆಗಳನ್ನು ತೆಗೆದ. ಸ್ಪಿರಿಟ್ಟಿನಲ್ಲಿ ಕರಗಿಸಿ ಹತ್ತಿಯ ಉಂಡೆಯಿಂದ ಪದರ ಪದರವಾಗಿ ಉಜ್ಜುವ ಆ ಪಾಲಿಶಿನಲ್ಲಿ ಅವನಿಗೆ ಹೆಮ್ಮೆಯಿತ್ತು. ಬೇಡವೆಂದಾಗ ಅವನ ಮುಖ ಸಣ್ಣದಾಯಿತು. ಕಾರಣ ತಿಳಿಸಿದ ಮೇಲೆ, “ಹಾಗಾದರೆ ಅಗಸೆ ಎಣ್ಣೆ ಆಗುತ್ತದೆ, ಆದರೆ ಅವಸರ ಮಾಡಬಾರದು” ಎಂದ. ಮರ ಬಯಲಾದ ಅಂಚಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿ ವಾರವಾರಕ್ಕೊಮ್ಮೆಯಂತೆ ಮೂರು ಸಲ ಒಣಗಿಸಿದರು. ಎಣ್ಣೆ ಹೀರಿದ ಬಟ್ಟೆಯ ಚೂರುಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು, ಹಳೆಯ ರೆಕ್ಸಿನ್ನಿನ ಲೇಪವೂ ಬೇಗ ಉರಿಯುವಂಥದು. ಆದ್ದರಿಂದ ಅವನ್ನು ಅಂಗಳದಲ್ಲಿ ಹರಡಿ ಒಣಗಿಸಿದರು. ಕಪ್ಪು ಹೊದಿಕೆಯ ಮೇಲೆ ಜೇನುಮೇಣವಿಲ್ಲದ, ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣವನ್ನು ಸವರಿ ಒಣಬಟ್ಟೆಯಿಂದ ಉಜ್ಜಿದರು. ಮೂಲೆಗಟ್ಟುಗಳ ತುಕ್ಕನ್ನು ಎಣ್ಣೆ ಹಚ್ಚಿ ಬಿಡಿಸಿದರು. ಲೇಪ ಹೋದ ಕಡೆ ಹೋಯಿತು.

ಇಷ್ಟರಲ್ಲಿ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಬಂದು ನೋಡಿದ. ಮೂಲ ಹೊದಿಕೆಯನ್ನು ಪೂರ್ತಿ ಕಿತ್ತು ಹೊಸ ರೆಕ್ಸಿನ್ ಹಾಕಿಸಿ, ಮೂಲೆಗಳಿಗೆ ಹೊಸ ಕ್ರೋಮ್ ಕೊಡಿಸಿ, ನಾಯಿಯ ಚಿತ್ರದ ಹೊಸ ಚೀಟಿಯನ್ನು ಅಂಟಿಸಿದರೆ, ಇದ್ದ ಸ್ಥಿತಿಗೆ ಹೇಳಿದ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಕೊಡುವೆನೆಂದ. ಒಂದೇ ಕರಾರು: ಕೊಳ್ಳುವವರು ಕೇಳಿದರೆ ‘ಅಟ್ಟದಲ್ಲಿ ಹೀಗೆಯೇ ದೊರೆಯಿತು’ ಎಂದು ಮನೆಯವರು ಹೇಳಬೇಕು. ದೆಹಲಿ, ಮುಂಬಯಿಗಳ ಪೇಟೆಗಳಲ್ಲಿ ಹೊಸ ಮರದ ಪೆಟ್ಟಿಗೆಗೆ ಹಿತ್ತಾಳೆಯ ಕಹಳೆ ಸಿಕ್ಕಿಸಿ ಪುರಾತನವೆಂದು ಮಾರುವ ಗ್ರಾಮಫೋನುಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. (ಆ ನಾಯಿಯ ಚಿತ್ರಕ್ಕೂ ಒಂದು ಕಥೆಯುಂಟು. ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರ ಮೊದಲು ಬರೆದದ್ದು ಉರುಳೆಯಿಂದ ನುಡಿಯುವ ಫೋನೋಗ್ರಾಫನ್ನು. 1899ರಲ್ಲಿ ಕಂಪನಿ ಕೊಳ್ಳುವಾಗ ಅದರ ಮೇಲೆ ಗ್ರಾಮಫೋನನ್ನು ಬರೆಯಿಸಿತು. ಮೂಲಚಿತ್ರದಲ್ಲಿ ಕೆಳಗಿನ ಬಣ್ಣ ಇಂದಿಗೂ ಕಾಣುತ್ತದೆಯಂತೆ, ಮತ್ತು ಆ ಸಂಗತಿಯನ್ನು ಯಾರೂ ಮುಚ್ಚಿಟ್ಟಿಲ್ಲ.)

ತಮ್ಮ ಒಪ್ಪಿದ. ಅವನ ವಾದವನ್ನು ಹಗುರವಾಗಿ ಕಾಣಬಾರದು. ಕೊಳ್ಳುವವನಿಗೆ ಬೇಕಾದದ್ದು ಹೊಳಪು, ಯಂತ್ರ ನಿಜವಾದದ್ದೇ, ಹೊದಿಕೆ ಬದಲಾದರೆ ಯಾರಿಗೆ ನಷ್ಟ ಎಂದು ಕೇಳಿದ. ಹೊದಿಕೆ ಬದಲಿಸುವುದರಲ್ಲಿ ದೋಷವಿಲ್ಲವೆಂಬುದನ್ನು ಅಣ್ಣನೂ ಒಪ್ಪಿದ. ಪರ್ಯಾಯ ಬದಲಾದರೂ ದ್ರವ್ಯ ಉಳಿಯುತ್ತದೆಂಬುದು ಜೈನರಿಗೆ ಹೊಸ ಮಾತಲ್ಲ. ದೋಷವಿರುವುದು ‘ಹೀಗೆಯೇ ದೊರೆಯಿತು’ ಎಂಬ ನಾಲ್ಕಾರು ಅಕ್ಷರಗಳಲ್ಲಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಸೇರಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಅದಕ್ಕೆ ಸದೃಶಸನ್ಮಿಶ್ರವೆಂಬ ಹೆಸರು. ಗಮನಿಸಬೇಕಾದುದೇನೆಂದರೆ, ಆಚಾರ್ಯರು ಇದನ್ನು ಸುಳ್ಳಿನ ಲೆಕ್ಕದಲ್ಲಿ ಮಾತ್ರ ಇಡದೆ ಕಳವಿನ ಲೆಕ್ಕದಲ್ಲಿ ಇಟ್ಟರು. ಅಣ್ಣ ಅದನ್ನು ಅಂಗಡಿಯ ಭಾಷೆಯಲ್ಲಿ ಹೇಳಿದ: “ಬೇರೆ ಮಿಲ್ಲಿನ ಥಾನಿನ ಅಂಚಿಗೆ ಹೆಸರಾದ ಮಿಲ್ಲಿನ ಮುದ್ರೆ ಒತ್ತಿ ಮಾರಿದ್ದರೆ ಅಪ್ಪ ನಮ್ಮನ್ನು ಗಲ್ಲಾದ ಹತ್ತಿರ ಬಿಡುತ್ತಿದ್ದರೇನೋ?” ತಮ್ಮ ಉತ್ತರ ಕೊಡಲಿಲ್ಲ.

ಮಾರಾಟ ಕಡಮೆ ಬೆಲೆಗೇ ಆಯಿತು, ಬೆಂಗಳೂರಿನ ಒಬ್ಬ ಸಂಗ್ರಾಹಕರಿಗೆ. ಅಣ್ಣ ತನ್ನ ಅರ್ಧವನ್ನೂ ತಮ್ಮನಿಗೆ ಬಿಟ್ಟುಕೊಟ್ಟ. ಹಾಗೆ ಮಾಡದಿದ್ದರೆ ಅವನ ಸತ್ಯನಿಷ್ಠೆಗೆ ಬೆಲೆಯೇ ಇರುತ್ತಿರಲಿಲ್ಲವೆನ್ನಬೇಕು. ತನ್ನ ವ್ರತದ ಖರ್ಚನ್ನು ಇನ್ನೊಬ್ಬನ ಖಾತೆಗೆ ಬರೆಯುವುದು ಸುಲಭ, ಮತ್ತು ಧಾರ್ಮಿಕರೆನಿಸಿಕೊಂಡವರ ಮನೆಗಳಲ್ಲಿ ಅದು ಅಪರೂಪವೂ ಅಲ್ಲ. ಆದರೂ ವ್ಯಾಪಾರಿ ಹೇಳಿದ್ದ ಮೊತ್ತ ತುಂಬಲಿಲ್ಲ. ತಮ್ಮನ ಅಸಮಾಧಾನ ಇನ್ನೂ ಹಾಗೆಯೇ ಇದೆ.

ಜೀರ್ಣೋದ್ಧಾರಕ್ಕೆ ಕೈಹಾಕುವ ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಹಳೆಯ ಮರದ ಬಾಗಿಲುವಾಡಕ್ಕೆ ಎಣ್ಣೆ ಬಣ್ಣ ಬಳಿದು, ಸವೆದ ಕಂಬಕ್ಕೆ ಸಿಮೆಂಟು ಮೆತ್ತಿ, ಅದರ ಮೇಲೆ ಪ್ರಾಚೀನವೆಂದು ಫಲಕ ಹಾಕುವುದುಂಟು. ಯಾವ ಭಾಗ ಹಳೆಯದು, ಯಾವುದು ಎಂದು ಯಾರಿಂದ ಹೊಸದಾಯಿತು ಎಂಬುದನ್ನು ಬರೆದಿಡಲು ಒಂದು ಪುಟ ಸಾಕು. ದಾನಿಗಳ ಹೆಸರಿಗೆ ಅಮೃತಶಿಲೆ ದೊರೆಯುವಾಗ ಆ ಒಂದು ಪುಟ ದೊರೆಯದಿರುವುದು ವಿಚಿತ್ರ.

ಪೆಟ್ಟಿಗೆ ಮಾರಾಟವಾಗುವ ಮೊದಲು ನಡೆದ ಇನ್ನೊಂದು ಸಂಗತಿಯನ್ನು ಹೇಳಬೇಕು. ತಾಯಿಯವರು 1967ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಮುನಿಗಳ ಸಮ್ಮುಖದಲ್ಲಿ ರೇಷ್ಮೆಯನ್ನೂ ಅರಗನ್ನೂ ಯಾವಜ್ಜೀವ ತ್ಯಜಿಸಿದವರು. ಅರಗಿನ ಬಳೆಗಳನ್ನು ಅಂದೇ ಕಳಚಿದರು. ಆಚಾರಿಯೊಡನೆ ಪಾಲಿಶಿನ ಮಾತು ನಡೆಯುತ್ತಿದ್ದಾಗ ಮೊಮ್ಮಗಳು, ತಾನು ಓದಿದ್ದನ್ನು ಹೇಳುವ ಉತ್ಸಾಹದಲ್ಲಿ, ಈ 78 ಸುತ್ತಿನ ರೆಕಾರ್ಡುಗಳೇ ಅರಗಿನವಲ್ಲವೇ ಎಂದಳು. ನಿಜ. ಆ ಕಾಲದ ತಟ್ಟೆಗಳಲ್ಲಿ ಸ್ಥೂಲವಾಗಿ ಐದನೆಯ ಒಂದು ಭಾಗ ಅರಗು. ಉಳಿದದ್ದು ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆ. ಕಲ್ಲಿನ ಪುಡಿಯನ್ನು ಹಿಡಿದಿಡುವುದೇ ಅರಗು. ಭಾರತದಲ್ಲಿ 1960ರ ದಶಕದಲ್ಲೂ ಅವು ತಯಾರಾಗುತ್ತಿದ್ದವು. ವ್ರತ ತೊಟ್ಟ ಮೇಲೂ ಹಲವು ವರ್ಷ ತಾಯಿಯವರು ಮಧ್ಯಾಹ್ನದ ಹೊತ್ತು ಅವನ್ನು ಹಾಕಿಕೊಂಡು ಕೇಳಿದ್ದರು. ಎರಡು ಹೊಸ ರೆಕಾರ್ಡುಗಳನ್ನು ಅವರೇ ಹೇಳಿ ತರಿಸಿದ್ದರು.

ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೇಳಿದ್ದಕ್ಕೆ ದೋಷವೋ, ತರಿಸಿದ್ದಕ್ಕೆ ದೋಷವೋ?”

ಮಕ್ಕಳು ಸಮಾಧಾನ ಹೇಳಿದರು, ತಿಳಿಯದೆ ಆದದ್ದಕ್ಕೆ ವ್ರತಭಂಗವಿಲ್ಲವೆಂದರು. ಅದು ಸರಿಯೇ. ಆದರೆ ಪ್ರಶ್ನೆ ಅದಾಗಿರಲಿಲ್ಲ. ಕೃತ, ಕಾರಿತ, ಅನುಮೋದನೆಗಳ ಭೇದವನ್ನು ವಿದ್ವಾಂಸರು ಬಹಳ ಪುಟಗಳಲ್ಲಿ ವಿವರಿಸಿದ್ದಾರೆ; ಆ ವೃದ್ಧೆ ಅದನ್ನು ಒಂದು ವಾಕ್ಯದಲ್ಲಿ ಕೇಳಿದ್ದರು. ಮಾವನವರು ಎಂದೋ ಕೊಂಡ ತಟ್ಟೆಯನ್ನು ಕೇಳಿದ್ದರಿಂದ ಹೊಸದಾಗಿ ಯಾವ ಕೊಂಬೆಯೂ ಕಡಿಯಲ್ಪಡಲಿಲ್ಲ. ತರಿಸಿದ ಎರಡರ ಬೆಲೆ ಮಾತ್ರ, ಎಷ್ಟೇ ಅಲ್ಪವಾಗಿರಲಿ, ಆ ಕಾಡಿನವರೆಗೂ ಹೋಯಿತು. ಇದೇ ವಿಚಾರದಿಂದ ನೋಡಿದರೆ ಹಳೆಯ ತಟ್ಟೆಗಳನ್ನು ಒಡೆದು ಎಸೆಯುವುದರಿಂದ ಯಾವ ಜೀವಿಗೂ ಪ್ರಯೋಜನವಿಲ್ಲ. ಆಚಾರಿಯ ಚೀಲದ ಹೊಸ ಚಕ್ಕೆಯನ್ನು ಬೇಡವೆಂದದ್ದರಿಂದ ಪ್ರಯೋಜನವುಂಟು. ಎರಡೂ ಅರಗೇ ಆದರೂ ಒಂದೇ ಅಲ್ಲ. ತಾಯಿಯವರು ಈ ವಿವರಣೆಯನ್ನು ಕೇಳಿ ತಲೆದೂಗಿದರು. ಮಕ್ಕಳು ಬೇಡವೆಂದರೂ ಎರಡು ತಟ್ಟೆಗಳ ಲೆಕ್ಕಕ್ಕೆ ಎರಡು ಏಕಾಶನ ಮಾಡಿದರು. ಆ ವಯಸ್ಸಿಗೆ ಅದು ಅನಾವಶ್ಯಕವಾಗಿತ್ತೆಂದು ಹೇಳುವವರು ಹೇಳಲಿ.

ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಲೆಂದು ಅಣ್ಣ ಒಂದು ಚೀಟಿ ಸಿದ್ಧಪಡಿಸಿದ್ದ. ಎಡ ಮೂಲೆಯ ಬೆಸುಗೆ ಬಿಳಿಯ ಅಂಟಿನಿಂದ ಮಾಡಿದ್ದು. ಹೊದಿಕೆ ಮೂಲದ್ದು, ಮೂರು ಕಡೆ ಮೈದಾ ಅಂಟಿನಿಂದ ಪುನಃ ಕೂರಿಸಿದ್ದು. ಅಂಚಿಗೆ ಅಗಸೆ ಎಣ್ಣೆ, ಹೊದಿಕೆಗೆ ಕಾರ್ನೌಬಾ ಮೇಣ. ಹಿಡಿಕೆ ಹೊಸದು, ಹತ್ತಿಯ ನವಾರಿನದು, ಮೂಲದ ಚರ್ಮದ ಹಿಡಿಕೆಯನ್ನು ಬೇರೆ ಚೀಲದಲ್ಲಿ ಇಡಲಾಗಿದೆ. ದಿನಾಂಕ, ರುಜು. ಸಂಗ್ರಾಹಕರು ಬರುವ ಹಿಂದಿನ ಸಂಜೆ ಅದನ್ನು ತಾಯಿಗೆ ಓದಿ ಹೇಳಿದ. ಪೂರ್ತಿ ಕೇಳಿದ ಮೇಲೆ ಅವರು, ಇನ್ನೊಂದು ಮಾತು ಬಿಟ್ಟುಹೋಗಿದೆ, ಬರೆ ಎಂದರು. ಕೊಳ್ಳುವವರ ಮನೆಯಲ್ಲಿ ವ್ರತ ತೊಟ್ಟವರು ಇರಬಹುದು, ಅವರಿಗೆ ತಿಳಿಯಬೇಡವೇ ಎಂದು ಅವರ ಯೋಚನೆ. ರುಜುವಿನ ಕೆಳಗೆ ಇದ್ದ ಜಾಗದಲ್ಲಿ ಅಣ್ಣ ಬರೆದ: ಜೊತೆಗಿರುವ 48 ರೆಕಾರ್ಡುಗಳು ಅರಗಿನವು.